ಒಂದ ಪಿನ್ ಎರಡನೇ ಸಲ ಒತ್ತಿದ್ರ ಸುಮ್ನ ಕೂಡ್ತೈತಿ

ಪ್ರಶ್ನೆ: ವಿಜಯಪುರದ ಸ್ಮಾರಕಗಳ ಐಫೋನ್ ಆ್ಯಪ್, ನಕಾಶೆಗೆ ಆ್ಯಪಲ್‌ನ ಮ್ಯಾಪ್‌ಕಿಟ್ ಬಳಸೇನಿ. ಗೋಳಗುಮ್ಮಟದ ಪಿನ್ ಒತ್ತಿದ್ರ ಕೆಳಗ ಮಾಹಿತಿ ಕಾರ್ಡ್ ಬರ್ತೈತಿ. ಕಾರ್ಡ್ ಮುಚ್ಚಿ ಅದ ಪಿನ್ ಮತ್ತ ಒತ್ತಿದ್ರ ಏನೂ ಆಗೂದಿಲ್ಲ. ನಡುವ ಇಬ್ರಾಹಿಂ ರೋಜಾ ಒತ್ತಿ ಬಂದ್ರ ನಡೀತೈತಿ. ಯಾಕ್ರಿ?

ಉತ್ತರ: ಕಾರ್ಡ್ ಮುಚ್ಚಿದ್ರೂ ಪಿನ್ನಿನ ಆಯ್ಕೆ ಹಂಗ ಉಳದಿರ್ತೈತ್ರಿ. ಪಿನ್ ಆರಿಸ್ಯಾರ ಅಂತ ಆ್ಯಪಿಗೆ ತಿಳಸೂ ಡಿಡ್‌ಸೆಲೆಕ್ಟ್ ಫಂಕ್ಷನ್ ಬರೂದು ಆಯ್ಕೆ ಬದಲಾದಾಗಷ್ಟ. ಕಾರ್ಡ್ ಮುಚ್ಚೂ ಕೋಡಿನ್ಯಾಗ, ಪಿನ್ನಿನ ಆಯ್ಕೆ ತೆಗಿಯೂ ಡಿಸೆಲೆಕ್ಟ್‌ಅನೊಟೇಶನ್ ಕರೀರಿ. ಡಿಡ್‌ಸೆಲೆಕ್ಟ್ ಒಳಗ ಕರದ್ರೂ ನಡೀತೈತಿ, ಆದ್ರ ಯಾವ ಪಿನ್ ಆರಿಸೀವಿ ಅನ್ನೂದು ಮ್ಯಾಪಿನ ಮ್ಯಾಲ ಕಾಣೂದಿಲ್ಲ.

ಇನ್ನೊಂದು ಉತ್ತರ: ಡಿಡ್‌ಸೆಲೆಕ್ಟ್ ಒಳಗ ಅದನ್ನ ಕರದ್ರ ಇನ್ನೊಂದು ತ್ರಾಸು: ಪಟಪಟ ಒತ್ತಿದ್ರ ಎರಡು ಕಾರ್ಡ್ ಏಳ್ತಾವ. ಟೈಮರ್ ಹಚ್ಚಬ್ಯಾಡ್ರಿ; ತೆರದಿರೂ ಪಿನ್ನಿನ ಐಡಿ ಇಟ್ಕೊಂಡು, ಅದ ಮತ್ತ ಬಂದ್ರ ಬಿಟ್ಟುಬಿಡ್ರಿ. ಕಾರ್ಡ್ ಮುಚ್ಚುವಾಗ ಐಡಿ ಅಳಸೂದು ಮರೀಬ್ಯಾಡ್ರಿ, ಇಲ್ಲಾಂದ್ರ ಮೊದಲಿನ ರೋಗ ತಿರುಗಿ ಬರ್ತೈತಿ.