ಪದಚರ್ಚೆ: ಹಳೇ ಕಾರಿನ 'ಕೋಟಿಂಗ್' ತೆಗೆಯುವುದಕ್ಕೆ ಏನನ್ನಬೇಕು? (ಅರ್ಜೆಂಟ್)

ಗೆಳೆಯರೇ,
ಮೈಸೂರಿನಲ್ಲಿ ನಮ್ಮ ಭಾವ 1982ರ ಅಂಬಾಸಿಡರ್ ಒಂದನ್ನು ಪೂರ್ತಿ ಬಿಚ್ಚಿ ಹಾಕಿದ್ದಾರೆ. ಮೇಲೆ ನಾಲ್ಕೈದು ಸಲ ಬಳಿದ ಬಣ್ಣ, ಅದರಡಿ ಪುಟ್ಟಿ, ತಳದಲ್ಲಿ ಕಲ್ಲಿನಂತಾದ ಡಾಂಬರು. ಶೆಡ್ಡಿಗೆ ಎಚ್ಚರಿಕೆ ಬೋರ್ಡು ಬೇಕು. ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. 'ಲೇಪನ ನಿರ್ಮೂಲನಾ ಸ್ಥಳ' ಅಂತ ಬರೆದುಕೊಂಡಿದ್ದೆ. ಟಿಂಕರ್ ಹುಡುಗ ಓದಿ, "ಸಾರ್, ಇಲ್ಲಿ ಪೋಲಿಯೋ ಹನಿ ಹಾಕ್ತಾರಾ?" ಅಂದ.
— ವಿ.

ಲೇಪನ ಸಂಸ್ಕೃತ. ಬೇಡ. ನಮ್ಮದೇ 'ಪೊರೆ' ಇದೆಯಲ್ಲ, ಹಾವು ಬಿಡುವುದು, ಕಣ್ಣಿಗೆ ಬರುವುದು. 'ಪೊರೆಸುಲಿತ' ಅನ್ನಿ. ಪಾಲ್ ಹಾಲಾಯಿತು, ಪಾವು ಹಾವಾಯಿತು, ಪೊರೆಯ ಪಕಾರ ಮಾತ್ರ ಅಲ್ಲಾಡಲಿಲ್ಲ. ಹೊರೆ ಅಂದರೆ ಭಾರ ಆಗಿಬಿಡುತ್ತದೆ, ಅದಕ್ಕೇ ಅನ್ನುವುದು ನನ್ನ ಹಳೇ ವಾದ.
— ಶಂ.

ಹಾವು ತಾನೇ ಪೊರೆ ಬಿಡುತ್ತದೆ ಸ್ವಾಮಿ, ಕಾರು ಬಿಡಲ್ಲ. ಸುಲಿಯುವುದು ತೆಂಗಿನಕಾಯಿಯನ್ನು.
ಕೆಲಸದಲ್ಲಿ ಒಂದೇ ಪದ ನಡೆಯುವುದೂ ಇಲ್ಲ. ರಿಮೂವರ್ ಬಳಿದರೆ ಬಣ್ಣ ಸುಕ್ಕುಗಟ್ಟಿ 'ಉಬ್ಬುತ್ತದೆ', ಆಮೇಲೆ 'ಹೆರೆಯಬೇಕು'. ಡಾಂಬರಿಗೆ ಬಿಸಿಗಾಳಿ ಕೊಟ್ಟು, ಮೆತ್ತಗಾದಾಗ 'ಕೆರೆದು', ಉಳಿದದ್ದನ್ನು ಸೀಮೆಎಣ್ಣೆಯಲ್ಲಿ ಒರೆಸಬೇಕು. ಇಲ್ಲವೇ ಡ್ರೈ ಐಸ್ (ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್) ಇಡಬೇಕು. ಮೈನಸ್ 78 ಡಿಗ್ರಿ ಚಳಿಗೆ ಡಾಂಬರು ಗಾಜಿನ ಹಾಗಾಗುತ್ತದೆ, ಸುತ್ತಿಗೆಯಲ್ಲಿ ತಟ್ಟಿದರೆ 'ಚಕ್ಕೆ ಏಳುತ್ತದೆ'.
— ಗೀ.

'ರಿಮೂವರ್' ಯಾಕೆ? 'ಬಣ್ಣಗಳಚು' ಅನ್ನಬಹುದಲ್ಲ. ಹೀಗೇ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ.
— ಶಂ.

ನಿಮ್ಮ 'ಬಣ್ಣ' ವರ್ಣದಿಂದ ಬಂದದ್ದು. ಪಾತ್ರೆಗೆ ಹಾಕಿಸುವ ಕಲಾಯಿ ಅರಬ್ಬಿ. ವಾಪಸ್ ಕಳಿಸ್ತೀರಾ? ಅಂಗಡಿಗೆ ಹೋಗಿ ಒಂದು ಲೀಟರ್ ಬಣ್ಣಗಳಚು ಕೇಳಿ ನೋಡಿ, ಅಲ್ವಾ.
ವಿ. ಅವರೇ, ರಿಮೂವರ್ ಡಬ್ಬದ ಮೇಲೆ ಡೈಕ್ಲೋರೋಮೀಥೇನ್ ಅನ್ನುವ ದ್ರಾವಕದ ಹೆಸರು ಇದೆಯಾ ನೋಡಿಕೊಳ್ಳಿ. ಅದರ ಆವಿ ಗಾಳಿಗಿಂತ ಭಾರ, ವಿಷ ಬೇರೆ. ಕಾರಿನಡಿ ಮಲಗಿದವನ ಮೂಗಿನ ಹತ್ತಿರವೇ ನಿಲ್ಲುತ್ತದೆ. ಮೊದಲು ಅದನ್ನು ಬರೆಸಿ.
— ಗೀ.

ತದ್ಭವ ಬೇರೆ, ಎರವಲು ಬೇರೆ. ಇಷ್ಟೂ ಗೊತ್ತಿಲ್ಲದವರ ಜೊತೆ ಚರ್ಚೆ ಯಾಕೆ?
— ಶಂ.

ಬೋರ್ಡು ಆಯಿತು: 'ಬಣ್ಣ, ಡಾಂಬರು ಹೆರೆಯುವ ಜಾಗ. ಬಾಗಿಲು ತೆರೆದಿಡಿ. ರಿಮೂವರ್ ಹಾಕಿದಾಗ ಕಾರಿನಡಿ ಮಲಗಬೇಡಿ.' ಟಿಂಕರ್ ಹುಡುಗ ಓದಿದ. ಏನೂ ಕೇಳಲಿಲ್ಲ, ಹೋಗಿ ಬಾಗಿಲು ತೆಗೆದ.
— ವಿ.