ಸಹಾಯ ಬೇಕು: ಗಾರ್ಫೀಲ್ಡ್ ಬೆಕ್ಕಿನ ಹಳೇ ಫೋನ್ ರಿಪೇರಿಗೆ ಕಲಬುರಗಿಯಲ್ಲಿ ಯಾರಿದ್ದಾರೆ?

ಎಲ್ಲರಿಗೂ ಶರಣು. ನಮ್ಮ ಕಾಕಾ ದುಬೈನಿಂದ ತಂದ ಲ್ಯಾಂಡ್‌ಲೈನ್ ಫೋನ್ ಒಂದಿದೆ. ಅದರ ಆಕಾರ ಮಲಗಿದ ಕಿತ್ತಳೆ ಬಣ್ಣದ ಕಾರ್ಟೂನ್ ಬೆಕ್ಕು ಗಾರ್ಫೀಲ್ಡ್. ಬೆನ್ನೇ ರಿಸೀವರ್. ಎತ್ತಿದರೆ ಬೆಕ್ಕು ಕಣ್ಣು ಬಿಡುತ್ತದೆ, ಇಟ್ಟರೆ ಮುಚ್ಚುತ್ತದೆ. ಅವ್ವ ಇದನ್ನು ದಿನಾ ಒರೆಸಿ ಇಡುತ್ತಿದ್ದಳು.

ಹಿಂದೆ ಅಮೆರಿಕದಲ್ಲೂ ಫೋನ್ ಕಂಪನಿ ಕೊಟ್ಟ ಸೆಟ್ಟನ್ನೇ ಬಾಡಿಗೆಗೆ ಇಟ್ಟುಕೊಳ್ಳಬೇಕಿತ್ತು. 1968ರಲ್ಲಿ ಕಾರ್ಟರ್‌ಫೋನ್ ಎಂಬ ಸಾಧನದ ಬಗ್ಗೆ ಅಲ್ಲಿನ ಸರಕಾರಿ ಸಂಪರ್ಕ ಆಯೋಗ ಕೊಟ್ಟ ತೀರ್ಪಿನ ನಂತರ ಬೇರೆಯವರು ಮಾಡಿದ ಸಾಧನವನ್ನೂ ಲೈನಿಗೆ ಜೋಡಿಸಲು ದಾರಿಯಾಯಿತು. 1976ರಲ್ಲಿ ಮಿಕ್ಕಿ ಮೌಸ್ ಫೋನ್ ಬಂತು, 80ರ ದಶಕದಲ್ಲಿ ಇದು. ಫ್ರಾನ್ಸಿನ ಬ್ರಿಟನಿ ಕಡಲ ದಂಡೆಗೆ ಮೂವತ್ತು ವರ್ಷಕ್ಕೂ ಜಾಸ್ತಿ ಇದೇ ಫೋನಿನ ತುಂಡುಗಳು ತೇಲಿ ಬರುತ್ತಿದ್ದವು. ಈ ಫೋನುಗಳಿದ್ದ, ಕಡಲಿಗೆ ಬಿದ್ದಿದ್ದ ಕಂಟೇನರ್ 2019ರಲ್ಲಿ ಒಂದು ಗುಹೆಯಲ್ಲಿ ಸಿಕ್ಕಿತು. ಓದಿದಾಗ ಮೈ ಜುಮ್ಮೆಂದಿತು.

ಈಗ ಸಮಸ್ಯೆ ಹೇಳುತ್ತೇನೆ. ತಾಮ್ರದ ಲೈನ್ ತೆಗೆದು ಫೈಬರ್ ಹಾಕಿಸಿದೆವು. ಕರೆ ಬಂದರೆ ರಿಂಗ್ ಆಗುತ್ತದೆ, ಮಾತೂ ಸ್ಪಷ್ಟ. ಆದರೆ ಇಲ್ಲಿಂದ ನಂಬರ್ ಹೋಗುವುದಿಲ್ಲ. 5 ಒತ್ತಿದರೆ ಐದು ಸಲ ಟಕ್ ಟಕ್ ಅನ್ನುತ್ತದೆ, ಡಯಲ್ ಟೋನ್ ಮಾತ್ರ ಹಾಗೇ ಇರುತ್ತದೆ. ಇದು ನಂಬರನ್ನು ಟಕ್ ಟಕ್ ಎಣಿಕೆಯಲ್ಲಿ ಕಳಿಸುವ ಪಲ್ಸ್ ಫೋನ್, ಫೈಬರ್ ಮೋಡೆಮ್‌ಗೆ ಟೋನ್, ಅಂದರೆ ಒಂದೊಂದು ಅಂಕಿಗೆ ಒಂದೊಂದು ಸ್ವರ, ಮಾತ್ರ ಅರ್ಥವಾಗುತ್ತದೆ, ಅಲ್ವಾ? ಪಲ್ಸನ್ನು ಟೋನ್ ಮಾಡುವ ಕನ್ವರ್ಟರ್ ಕೂಡಿಸಿ ಕೊಡುವವರು ಕಲಬುರಗಿ, ಬೀದರ ಕಡೆ ಇದ್ದರೆ ತಿಳಿಸಿರಿ.

ಇನ್ನೊಂದು, ಬಲಗಣ್ಣಿನ ರೆಪ್ಪೆ ಅರ್ಧಕ್ಕೇ ನಿಲ್ಲುತ್ತದೆ. ಒಳಗಿನ ಪ್ಲಾಸ್ಟಿಕ್ ಕಡ್ಡಿ ಸೀಳಿದೆ. ಸುಮ್ನೆ ಗೋಂದು ಹಚ್ಚಲು ಮನಸ್ಸಿಲ್ಲ. ಯಾರ ಮನೆಯಲ್ಲಾದರೂ ಕೆಟ್ಟುಹೋದ ಇದೇ ಸೆಟ್ ಇದ್ದರೆ ಕೊಳ್ಳುತ್ತೇನೆ. ಫೋಟೋ ಕಮೆಂಟಿನಲ್ಲಿ ಹಾಕಿದ್ದೇನೆ.