ಓದುಗರ ಸ್ಪಂದನ: ‘ನಾನೇ’ ಎಂದು ಹಠ ಹಿಡಿಯುವ ಮಗಳು

ಕಳೆದ ವಾರದ ಸಮಸ್ಯೆ: ಮಗಳಿಗೆ ಎರಡೂವರೆ ವರ್ಷ. ಎಲ್ಲದಕ್ಕೂ ‘ನಾನೇ’ ಎನ್ನುತ್ತಾಳೆ. ಬೆಳಿಗ್ಗೆ ಎಂಟಕ್ಕೆ ನಾನು ಮನೆ ಬಿಡಬೇಕು. ಅವಳು ಚಪ್ಪಲಿಯನ್ನು ತಾನೇ ಹಾಕಿಕೊಳ್ಳುತ್ತೇನೆಂದು ಬಾಗಿಲಲ್ಲಿ ಕುಳಿತುಬಿಡುತ್ತಾಳೆ. ನಾನು ಹಾಕಿದರೆ ಕಿತ್ತೆಸೆದು ನೆಲಕ್ಕೆ ಬಿದ್ದು ಅಳುತ್ತಾಳೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಾರೆ ನಮ್ಮ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ರಾಜಾಜಿನಗರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾಂಟೆಸ್ಸೊರಿ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಇದೇ ವಯಸ್ಸಿನ ಮಕ್ಕಳ ಜೊತೆ ಕಳೆದವಳು ನಾನು. ಮೊದಲು ‘ಹಠ’ ಎಂಬ ಮಾತನ್ನು ಬಿಡಿ. ಅವಳಿಗೆ ನಡೆಯಲು ಬಂದಿದೆ, ಮಾತು ಬಂದಿದೆ, ತಾನು ಅಮ್ಮನಿಂದ ಬೇರೆ ಎಂಬುದು ಈಗಷ್ಟೇ ತಿಳಿದಿದೆ. ಅದನ್ನು ದಿನವಿಡೀ ಪರೀಕ್ಷಿಸಿ ನೋಡುತ್ತಿದ್ದಾಳೆ. ಸುಮಾರು ಒಂದೂವರೆಯಿಂದ ಮೂರು ವರ್ಷದವರೆಗೆ ಮಗುವಿನೊಳಗೆ ಸ್ವಾಯತ್ತತೆ ಒಂದು ಕಡೆ, ನಾಚಿಕೆ ಮತ್ತು ತನ್ನ ಮೇಲೆ ತನಗೇ ಅನುಮಾನ ಇನ್ನೊಂದು ಕಡೆ ಜಗ್ಗಾಡುತ್ತವೆ ಎಂದು ಮನೋವಿಶ್ಲೇಷಕ ಎರಿಕ್ ಎರಿಕ್ಸನ್ 1950ರಲ್ಲೇ ಬರೆದರು. ದಿನವೂ ಚಪ್ಪಲಿ ಕಿತ್ತುಕೊಂಡು ನಾವೇ ಹಾಕಿದರೆ ಬಲ ಬರುವುದು ಆ ಅನುಮಾನಕ್ಕೆ.

ಆದರೆ ಬೆಳಗಿನ ಎಂಟು ಗಂಟೆ ಕಲಿಸುವ ಹೊತ್ತಲ್ಲ. ಭಾನುವಾರ ಮಧ್ಯಾಹ್ನ ಅವಳೊಂದಿಗೆ ನೆಲದ ಮೇಲೆ ಕುಳಿತುಕೊಳ್ಳಿ. ಬಕಲ್ ಇರುವ ಚಪ್ಪಲಿ ತೆಗೆದಿಟ್ಟು ವೆಲ್ಕ್ರೋ ಪಟ್ಟಿಯದನ್ನು ತನ್ನಿ. ಹೂವಿನ ಸ್ಟಿಕ್ಕರ್ ಒಂದನ್ನು ನಡುವೆ ಕತ್ತರಿಸಿ ಎಡದರ್ಧವನ್ನು ಎಡ ಚಪ್ಪಲಿಯೊಳಗೆ, ಬಲದರ್ಧವನ್ನು ಬಲ ಚಪ್ಪಲಿಯೊಳಗೆ ಅಂಟಿಸಿ. ಜೋಡಿಸಿಟ್ಟಾಗ ಹೂವು ಕೂಡಿದರೆ ಎಡಬಲ ಸರಿಯಾಯಿತು. ಆಮೇಲೆ ಒಮ್ಮೆ ನಿಧಾನವಾಗಿ, ಮಾತಾಡದೆ ಮಾಡಿ ತೋರಿಸಿ. ಮಾತು ಕೇಳುತ್ತಾ ಕೈಯನ್ನೂ ನೋಡುವುದು ಆ ವಯಸ್ಸಿಗೆ ಕಷ್ಟ. ಈ ಶಿಕ್ಷಣ ಪದ್ಧತಿಯನ್ನು ರೂಪಿಸಿದ, 1939ರಲ್ಲಿ ಮದರಾಸಿಗೆ ಬಂದು ಎರಡನೇ ಮಹಾಯುದ್ಧ ಮುಗಿಯುವವರೆಗೂ ಭಾರತದಲ್ಲೇ ಉಳಿದ ಮರಿಯಾ ಮಾಂಟೆಸ್ಸೊರಿ ಶಿಕ್ಷಕಿಯರಿಗೆ ಕಲಿಸಿದ್ದೂ ಇದನ್ನೇ: ಮಾತು ಕಡಿಮೆ, ಕೈ ನಿಧಾನ. ನಮ್ಮ ತರಗತಿಯ ಹುಡುಗನೊಬ್ಬ ಒಂದೇ ಪಟ್ಟಿಗೆ ಹತ್ತಾರು ಸಲ ಸೋತ. ಕೊನೆಗೆ ಅಂಟಿಕೊಂಡಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಚರ್ರೆಂದು ಕಿತ್ತು ಮತ್ತೆ ಅಂಟಿಸಿದ.

ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಅವಳನ್ನು ಬಾಗಿಲಿಗೆ ಕರೆತನ್ನಿ. ಅಷ್ಟು ಸಮಯ ಅವಳದು.
– ನಿವೃತ್ತ ಶಿಕ್ಷಕಿ, ಜಯನಗರ

ನಮ್ಮ ಮಗನಿಗೂ ಇದೇ ವಯಸ್ಸು. ನಾನು ಮಾಡುತ್ತಿದ್ದ ತಪ್ಪೊಂದಿದೆ: ‘ಹೊರಡೋಣವೇ?’ ಎಂದು ಕೇಳುತ್ತಿದ್ದೆ. ‘ಬೇಡ’ ಎಂದರೆ ಎತ್ತಿಕೊಂಡು ಹೋಗುತ್ತಿದ್ದೆ. ಬೇಡ ಎನ್ನಲು ಅವಕಾಶವಿಲ್ಲದ ಮೇಲೆ ಕೇಳಬಾರದಾಗಿತ್ತು. ಈಗ ‘ಹೊರಡುವ ಹೊತ್ತಾಯಿತು, ಮೆಟ್ಟಿಲು ನೀನೇ ಇಳಿಯುತ್ತೀಯೋ, ನಾನು ಎತ್ತಿಕೊಳ್ಳಲೋ?’ ಎನ್ನುತ್ತೇನೆ. ರಸ್ತೆ ದಾಟುವಾಗ ಕೈ ಹಿಡಿಯಲೇಬೇಕು, ಅದರಲ್ಲಿ ರಾಜಿ ಇಲ್ಲ. ಯಾವ ಕೈ ಎಂಬುದನ್ನು ಅವನು ಆರಿಸುತ್ತಾನೆ. ಆದರೂ ಕೆಲವು ದಿನ ಅಳು ತಪ್ಪುವುದಿಲ್ಲ. ಆಗ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತೇನೆ, ಅಷ್ಟೇ.
– ಒಬ್ಬ ತಂದೆ, ಯಲಹಂಕ

ಮಗಳೇ, ಆ ಗಾದೆಯನ್ನು ನಾನೂ ನನ್ನ ಸೊಸೆಗೆ ಹೇಳಿದವಳು. ನಿನ್ನ ಅತ್ತೆಯ ಮೇಲೆ ಬೇಸರ ಮಾಡಿಕೊಳ್ಳಬೇಡ. ತುತ್ತು ಕಲಸಿ ಬಾಯಿಗಿಡುವುದನ್ನೇ ಪ್ರೀತಿ ಎಂದು ತಿಳಿದು ಬೆಳೆದವರು ನಾವು. ಮೊಮ್ಮಗಳು ನನ್ನ ಕೈ ತಳ್ಳಿ ‘ನಾನೇ’ ಎಂದ ದಿನ ನನಗೆ ನಿಜವಾಗಿ ನೋವಾಗಿತ್ತು.

ಮನಸ್ಸು ಬದಲಾದದ್ದು ಅವರೆಕಾಯಿ ಕಾಲದಲ್ಲಿ. ಹಿತಕಿದ ಬೇಳೆಗೆಂದು ನೆನೆಸಿದ ಕಾಳನ್ನು ಹಿತಕುತ್ತಾ ಕುಳಿತಿದ್ದೆ. ಅವಳು ಬಂದು ಒಂದು ಕಾಳನ್ನು ಎರಡು ಬೆರಳಲ್ಲಿ ಒತ್ತಿದಳು. ಬೇಳೆ ಪುಳಕ್ಕನೆ ಹಾರಿ ನನ್ನ ಸೆರಗಿಗೆ ಬಿತ್ತು. ಅರ್ಧ ಗಂಟೆ ಅಲ್ಲಾಡಲಿಲ್ಲ. ಬಟ್ಟಲಿಗೆ ಬಿದ್ದದ್ದು ಹತ್ತೋ ಹನ್ನೆರಡೋ, ಉಳಿದದ್ದೆಲ್ಲ ನೆಲಕ್ಕೆ. ರಾತ್ರಿ ಸಾರಿನಲ್ಲಿ ತನ್ನ ಬೇಳೆಯನ್ನು ಹುಡುಕಿ ಹುಡುಕಿ, ತನ್ನ ಕೈಯಿಂದಲೇ ತಿಂದಳು. ಕಾಳು ಮೂಗಿಗೋ ಬಾಯಿಗೋ ಹೋಗದಂತೆ ದೊಡ್ಡವರು ಪಕ್ಕದಲ್ಲೇ ಇರಬೇಕು, ಅದನ್ನು ಮರೆಯಬೇಡ.

ಈ ಸಲ ಅವರೆ ಬಂದಾಗ ಅತ್ತೆಯ ಮುಂದೆ ನೆನೆಸಿದ ಕಾಳಿನ ಪಾತ್ರೆ ಇಟ್ಟು, ಪಕ್ಕದಲ್ಲಿ ಮೊಮ್ಮಗಳನ್ನು ಕೂರಿಸಿ ನೀನು ಒಳಗೆ ಹೋಗು.
– ಒಬ್ಬ ಅಜ್ಜಿ, ಬಸವನಗುಡಿ